ಉಪವಾಸವೋ, ದೇಹದ ಮೇಲಿನ ಮುನಿಸೋ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು – ಊರು ಯಾವುದಾದರೇನು, ‘ಡುಮ್ಮಿ’, ‘ಕಡ್ಡಿ ಪೈಲ್ವಾನ’ ಎಂಬ ಅಡ್ಡ ಹೆಸರುಗಳಿಗೆ ಬರವಿಲ್ಲ. ಆಡಿದವರು ಮರೆಯುತ್ತಾರೆ, ಕೇಳಿಸಿಕೊಂಡ ಮಗು ಕನ್ನಡಿಯ ಮುಂದೆ ಕುಗ್ಗುತ್ತದೆ. ತಟ್ಟೆಯ ಮುದ್ದೆ ಅರ್ಧವಾಗುತ್ತದೆ, ರಾತ್ರಿಯೂಟ ನಿಲ್ಲುತ್ತದೆ. ಕೆಲವರು ಗುಟ್ಟಾಗಿ ತಿಂದು, ಗುಟ್ಟಾಗಿಯೇ ವಾಂತಿ ಮಾಡುತ್ತಾರೆ. ವೈದ್ಯರು ಇವನ್ನು ಅನೊರೆಕ್ಸಿಯಾ, ಬುಲಿಮಿಯಾ ಎಂದು ಗುರುತಿಸುತ್ತಾರೆ. ಇವು ಹಟವಲ್ಲ, ಕಾಯಿಲೆ.

ಕ್ರೈಸ್ತ ಮನೆಗಳಲ್ಲಿ ಇಂಥ ಕಾಯಿಲೆಗೆ ತಪಸ್ಸುಕಾಲದ ಉಪವಾಸ ಮರೆಯಾಗಬಹುದು. ಮಗಳ ಭಕ್ತಿ ಹೆಚ್ಚಿತೆಂದು ಹೆತ್ತವರು ಹಿಗ್ಗುತ್ತಾರೆ. ಆದರೆ ಕ್ಯಾಥೊಲಿಕ್ ಸಭೆಯ ನಿಯಮದಲ್ಲಿ ಉಪವಾಸದ ಕಡ್ಡಾಯ 18 ತುಂಬಿದವರಿಗಷ್ಟೇ. ಅದೂ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ, ಎರಡೇ ದಿನ. ಅಂದೂ ಒಂದು ಪೂರ್ಣ ಊಟ ಉಂಟು.

ಇಟಲಿಯ ಸಿಯೆನಾದಲ್ಲಿ 1347ರಲ್ಲಿ ಹುಟ್ಟಿದ ಸಂತ ಕ್ಯಾಥರೀನ್ ಊಟ ಬಿಡುತ್ತಾ ಬಂದು, ಕೊನೆಗೆ ತಿನ್ನಬೇಕೆಂದರೂ ತಿನ್ನಲಾರದ ಸ್ಥಿತಿ ಮುಟ್ಟಿದರು. ಅದನ್ನು ಹಿರಿಮೆಯೆನ್ನದೆ ತಮ್ಮ ಬೇನೆಯೆಂದೇ ಪತ್ರದಲ್ಲಿ ಬರೆದರು. 1380ರಲ್ಲಿ ತೀರಿಕೊಂಡಾಗ ಅವರಿಗೆ ವಯಸ್ಸು 33.

ಹಾಗಾದರೆ ನಂಬಿಕೆ ಕೈಹಿಡಿಯುವುದೆಲ್ಲಿ? ಮಾರ್ಕನ ಶುಭಸಂದೇಶದ 5ನೇ ಅಧ್ಯಾಯದಲ್ಲಿ ಯಾಯೀರನ ಮಗಳ ಪ್ರಸಂಗವಿದೆ. ಹನ್ನೆರಡು ವರ್ಷದ ಹುಡುಗಿ. ಸತ್ತಳೆಂದು ಮನೆಯೆಲ್ಲ ಗೋಳಾಡುವಾಗ ಯೇಸುಸ್ವಾಮಿ ಕೈಹಿಡಿದು ಎಬ್ಬಿಸುತ್ತಾರೆ. ಬಳಿಕ, ಮಗುವಿಗೆ ತಿನ್ನಲು ಏನಾದರೂ ಕೊಡಿ ಎನ್ನುತ್ತಾರೆ. ಹುಡುಗಿ ಹೇಗಿದ್ದಳು, ದಪ್ಪವೋ ಸಣ್ಣವೋ, ಆ ಮಾತೇ ಅಲ್ಲಿಲ್ಲ. ದೇಹ ದೇವರ ಸೃಷ್ಟಿ, ಅದು ಒಳ್ಳೆಯದು ಎಂಬುದು ಬೈಬಲಿನ ಮೊದಲ ಪುಟದ ಪಾಠ. ಬಲಿಪೂಜೆಯ ನಡುವೆ ಇರುವುದೂ ರೊಟ್ಟಿಯೇ. ಇದೇ ಜಿಲ್ಲೆಯ ಹರಿಹರದಲ್ಲಿ ಭಕ್ತರು ಮೊರೆಹೋಗುವ ತಾಯಿಯ ಹೆಸರು ಆರೋಗ್ಯಮಾತೆ. ಅಲ್ಲಿ ಆರೋಗ್ಯ ಬೇಡಿ, ಮನೆಗೆ ಬಂದು ದೇಹವನ್ನು ದಂಡಿಸುವುದು ಸರಿಯೇ?

ಹೆತ್ತವರು ಮೊದಲು ಮಾಡಬೇಕಾದ್ದು, ನೆಂಟರೆದುರು ಮಗುವಿನ ಮೈಕಟ್ಟಿನ ಮಾತೆತ್ತದಿರುವುದು. ದಿನಕ್ಕೊಂದು ಹೊತ್ತಾದರೂ ಒಟ್ಟಿಗೆ ಕುಳಿತು ಊಟ ಮಾಡಲಿ. ತೂಕ ಸರ್ರನೆ ಇಳಿದರೆ, ಮುಟ್ಟು ನಿಂತರೆ, ತಲೆಸುತ್ತು ಬಂದರೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಬೇಕು. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮನೆಯಲ್ಲಿ ಹೇಳಲು ನಾಚಿಕೆಯೆನಿಸಿದ ವಿದ್ಯಾರ್ಥಿ ನಂಬಿಕೆಯ ಶಿಕ್ಷಕರಿಗೋ ಚರ್ಚಿನ ಗುರುಗಳಿಗೋ ತಿಳಿಸಲಿ. ಪ್ರಾರ್ಥನೆ ಧೈರ್ಯ ಕೊಡುತ್ತದೆ. ಆ ಧೈರ್ಯದಿಂದಲೇ ವೈದ್ಯರ ಬಾಗಿಲು ತಟ್ಟಬೇಕು.