ಮಕ್ಕಳು ಹತ್ತಬಾರದ ಆನೆ ಯಾರಿಗೆ?

ಹಿಂದವಾಡಿಯ ಮಕ್ಕಳಿಗೆ ಆಟದ ತಾಣ ಬೇಕೆಂದರೆ ‘ಹಣವೆಲ್ಲಿದೆ?’ ಎನ್ನುವ ಮಹಾಶಯರು ಆಂಸ್ಟರ್‌ಡಾಮಿನ ಕಡೆ ನೋಡಲಿ. ಯುದ್ಧದಿಂದ ಬಸವಳಿದ ಆ ನಗರದ ಪಾಳು ನಿವೇಶನಗಳಲ್ಲಿ ವಾಸ್ತುಶಿಲ್ಪಿ ಆಲ್ಡೊ ವಾನ್ ಐಕ್ 1947ರಿಂದ ಮರಳಗುಂಡಿ, ಕುಪ್ಪಳಿಸುವ ಕಲ್ಲು, ಹತ್ತುವ ಕಬ್ಬಿಣದ ಕಮಾನು ಇಡಿಸಿದ. 1978ರ ಹೊತ್ತಿಗೆ ಇಂಥ ತಾಣಗಳು 700 ದಾಟಿದವು. ಟಿಕೆಟ್ಟಿಲ್ಲ, ಬೇಲಿಯಿಲ್ಲ!

2016ರಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲೇ ಹೆಸರು ಬರೆಸಿಕೊಂಡ ಬೆಳಗಾವಿಗೆ ಇಷ್ಟೂ ಆಗದೆ? ‘ಮುಟ್ಟಬೇಡಿ’ ಎಂಬ ಫಲಕದ ಹಿಂದಿನ ಸಿಮೆಂಟಿನ ಆನೆ ನಮಗೆ ಬೇಡ. ಶಹಾಪುರ, ವಡಗಾವಿಯ ನೇಕಾರರ ಮಕ್ಕಳೂ ಬಂದು ಏರುವಂಥ ಆಳೆತ್ತರದ ಲಾಳಿ, ನುಸುಳುವಂಥ ಮಗ್ಗ ಕಟ್ಟಿಸಿ. ಗೌಂಡಿ, ಕಮ್ಮಾರರು ಊರಲ್ಲೇ ಇದ್ದಾರೆ. ಮೊಣಕಾಲು ತರಚಿದರೆ ಅರಿಸಿನ ನಾವು ಹಚ್ಚಿಕೊಳ್ಳುತ್ತೇವೆ. ಬಂಧುಗಳೇ, ವೋಟು ಕೇಳಲು ಬಂದವನನ್ನು ಹೊಸ್ತಿಲಲ್ಲೇ ನಿಲ್ಲಿಸಿ, ಜಾಗ ಯಾವುದೆಂದು ಕೇಳಿರಿ.