ಬಾಗಿಲು ಮುಚ್ಚುವುದೂ ಸಮ್ಮತಿಯೇ?

'ಮೌನಂ ಸಮ್ಮತಿ ಲಕ್ಷಣಂ' ಎಂದು ತರಗತಿಯಲ್ಲಿ ಎಷ್ಟೋ ಬಾರಿ ಹೇಳಿದವನು ನಾನು. ಆದರೆ ಬಾಗಿಲು ಮುಚ್ಚುವುದೂ ಸಮ್ಮತಿಯೇ? 2016ರ ಮೇ ತಿಂಗಳಿನಲ್ಲಿ ವಿಂಡೋಸ್ 7 ಗಣಕಗಳ ಪರದೆಯ ಮೇಲೆ ವಿಂಡೋಸ್ 10ಕ್ಕೆ ಬದಲಾಗುವ ದಿನವನ್ನು ತಿಳಿಸುವ ಪ್ರಕಟಣೆ ಮೂಡುತ್ತಿತ್ತು. ಮೂಲೆಯ ಗುಣಾಕಾರ ಚಿಹ್ನೆಯನ್ನೊತ್ತಿ ಅದನ್ನು ಮುಚ್ಚಿದರೆ, ಅದನ್ನೇ ಒಪ್ಪಿಗೆಯೆಂದು ಪರಿಗಣಿಸಲಾಗುತ್ತಿತ್ತು! ಇದಕ್ಕೆ ಕಾರಣವಾದ ಕೆಬಿ3035583 ಎಂಬ ಅಪ್‌ಡೇಟನ್ನು ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ತೆಗೆದರಷ್ಟೇ ಸಾಲದು. ಮರಳಿ ಬಾರದಂತೆ 'ಹೈಡ್' ಕೂಡ ಮಾಡಬೇಕಿತ್ತು.

ಅಪ್‌ಡೇಟ್‌ಗಳೇ ಬೇಡವೆನ್ನುವ ಅವಿವೇಕ ನನ್ನದಲ್ಲ. 2017ರ ಮೇ ತಿಂಗಳಿನಲ್ಲಿ ವಾನಾಕ್ರೈ ಹಾವಳಿಯೆಬ್ಬಿಸಿದಾಗ, ಅದು ಹರಡುತ್ತಿದ್ದ ದಾರಿಯನ್ನು ಮುಚ್ಚಿದ್ದು ಮಾರ್ಚ್‌ನಲ್ಲೇ ಬಂದಿದ್ದ ಭದ್ರತಾ ಅಪ್‌ಡೇಟ್. ಆದರೆ ಔಷಧದ ಬಟ್ಟಲಿನಲ್ಲಿ ಜಾಹೀರಾತು ಕುಡಿಸಿದರೆ, ರೋಗಿ ನಾಳೆ ಔಷಧವನ್ನೇ ದೂರ ತಳ್ಳುತ್ತಾನೆ. ಕೇಳಿ ಕೊಡಲಿ, ಬೇಡವೆಂದರೆ ಕೇಳಿಸಿಕೊಳ್ಳಲಿ.