ಉಳಿದ ಒಂಬತ್ತು ಪಾಲು

ಕಾಂಗೇಯಂ ದಾಟಿ ಕರೂರಿನ ಕಡೆ ಹೋಗುವ ದಾರಿಯಲ್ಲಿ ವೆಳ್ಳಕೋಯಿಲ್ ಸಿಗುತ್ತದೆ. ತೆಂಗು, ಎಣ್ಣೆ ಗಿರಣಿ, ವಿದ್ಯುತ್ ಮಗ್ಗಗಳ ಊರು. ತಿರುಪ್ಪೂರು, ಕೊಯಮತ್ತೂರು ಜಿಲ್ಲೆಗಳ ಬಹಳಷ್ಟು ಮಗ್ಗಗಳು ಕೂಲಿ ಲೆಕ್ಕದಲ್ಲಿ ಓಡುತ್ತವೆ. ನೂಲು ವ್ಯಾಪಾರಿಯದು. ಹಾಸು ಸುತ್ತಿದ ಬೀಮನ್ನೂ ಹೊಕ್ಕಿನ ನೂಲನ್ನೂ ಮಗ್ಗದವನು ಶೆಡ್ಡಿಗೆ ತಂದು, ನೇಯ್ದು, ಬಟ್ಟೆ ಒಪ್ಪಿಸುತ್ತಾನೆ. ಅಳತೆಗೆ ಲೆಕ್ಕ, ತೂಕಕ್ಕೆ ಲೆಕ್ಕ, ಹಾಳಾದ ನೂಲಿಗೂ ಲೆಕ್ಕ. ಮನೆಯಲ್ಲಿ ಕನ್ನಡ ಆಡುವ ದೇವಾಂಗ ನೇಕಾರರು ಈ ಸೀಮೆಯಲ್ಲಿ ತಲೆಮಾರುಗಳಿಂದ ಇದ್ದಾರೆ. ಕೈಯಲ್ಲಿರುವುದೆಲ್ಲ ತನ್ನದಲ್ಲ ಎಂಬುದನ್ನು ಅವರಿಗೆ ಯಾರೂ ಬೋಧಿಸಬೇಕಾಗಿಲ್ಲ.

ಯೇಸುವಿನ ಸಾಮ್ಯಗಳಲ್ಲಿ ಬರುವ ಪಾರುಪತ್ಯಗಾರ ನಿಂತಿರುವುದು ಇದೇ ಜಾಗದಲ್ಲಿ. ಆಸ್ತಿ ಯಜಮಾನನದು, ದುಡಿಮೆ, ಜಾಣ್ಮೆ ಇವನದು, ಒಂದು ದಿನ ಲೆಕ್ಕ ಒಪ್ಪಿಸಲೇಬೇಕು. ನಮ್ಮ ಸಭೆಗಳಲ್ಲಿ ಈ ದೊಡ್ಡ ಮಾತು ಸವೆದು ಸವೆದು ದಶಮಾಂಶಕ್ಕೆ ಬಂದು ನಿಂತಿದೆ. ಹತ್ತರಲ್ಲಿ ಒಂದನ್ನು ಕೊಟ್ಟರೆ ದೇವರ ಬಾಕಿ ತೀರಿತು, ಉಳಿದ ಒಂಬತ್ತು ಪಾಲು ನನ್ನದು ಎಂದುಕೊಳ್ಳುತ್ತೇವೆ. ಕೊಟ್ಟದ್ದು ಹತ್ತು ಪಟ್ಟಾಗಿ ಮರಳುತ್ತದೆ ಎಂದು ಸಾರುವ ಬೋಧಕರಂತೂ ಕಾಣಿಕೆಯನ್ನು ಬಡ್ಡಿ ವ್ಯವಹಾರ ಮಾಡಿಬಿಟ್ಟಿದ್ದಾರೆ. ಇದು ಸುವಾರ್ತೆಯಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಲೂಕನ ಸುವಾರ್ತೆಯ 12ನೆಯ ಅಧ್ಯಾಯದ ಆ ಐಶ್ವರ್ಯವಂತನನ್ನು ನೋಡಿ. ಅವನು ಕಳ್ಳನಲ್ಲ, ಮೋಸಗಾರನೂ ಅಲ್ಲ. ಭೂಮಿ ಚೆನ್ನಾಗಿ ಬೆಳೆಯಿತು, ಕಣಜ ಸಾಲಲಿಲ್ಲ, ದೊಡ್ಡದು ಕಟ್ಟಿಸಲು ಹೊರಟ, ಅಷ್ಟೆ. ಆದರೆ ಅವನ ಲೆಕ್ಕಾಚಾರದಲ್ಲಿ ಅವನ ಹೊರತು ಇನ್ನೊಬ್ಬ ಮನುಷ್ಯನಿಲ್ಲ. ಕ್ರಿ.ಶ. 369ರ ಸುಮಾರಿನಲ್ಲಿ ಕೈಸರೇಯದಲ್ಲಿ ಬರ ಬಿದ್ದು ಧಾನ್ಯವೆಲ್ಲ ಗೋದಾಮು ಸೇರಿದ್ದಾಗ, ಸಂತ ಬೆಸಿಲ್ ಈ ಸಾಮ್ಯವನ್ನೇ ಹಿಡಿದು ಊರಿನ ಶ್ರೀಮಂತರಿಗೆ ಪ್ರಸಂಗ ಮಾಡಿದರು. ಮನೆಯಲ್ಲಿ ಕೂಡಿಟ್ಟ ರೊಟ್ಟಿ ಹಸಿದವನದು ಎಂಬುದು ಅವರ ವಾದದ ತಿರುಳು. ಬರಿಯ ಮಾತಲ್ಲ, ಹಸಿದವರಿಗೆ ಅನ್ನ ಹಾಕಿಸುವುದಕ್ಕೂ ತಾವೇ ನಿಂತರು.

ಕೈಯಲ್ಲಿರುವ ಸಂಪತ್ತು ಯಾರಿಗಾಗಿ ಎಂಬ ಈ ಪ್ರಶ್ನೆಯನ್ನು ನಮ್ಮ ನಾಡಿನಲ್ಲಿ ನೇರವಾಗಿ ಎದುರಿಸಿದ್ದು ಬಾಸೆಲ್ ಮಿಷನ್. 1834ರಲ್ಲಿ ಮಂಗಳೂರಿಗೆ ಬಂದ ಮಿಷನರಿಗಳಿಗೆ ಬೇಗನೇ ಒಂದು ಕಷ್ಟ ಎದುರಾಯಿತು. ಕ್ರೈಸ್ತರಾದವರಿಗೆ ಮನೆ ತಪ್ಪಿತು, ಗೇಣಿ ಭೂಮಿ ತಪ್ಪಿತು. ಶೇಂದಿ ಇಳಿಸುವ ಕಸುಬನ್ನು ಮಿಷನ್ನೇ ಒಪ್ಪಲಿಲ್ಲ. ಅಂಥವರಿಗೆ ದೇವರ ಮೇಲೆ ಭಾರ ಹಾಕಿ ಎಂದಷ್ಟೇ ಹೇಳಿ ಕಳುಹಿಸುವಂತಿರಲಿಲ್ಲ. ಮುದ್ರಣಾಲಯ ಬಂತು, 1851ರಲ್ಲಿ ಮಿಷನರಿ ಹಾಲರ್ ಬಂದ ಮೇಲೆ ನೇಯ್ಗೆ ಬೆಳೆಯಿತು, ಅಲ್ಲಿನ ಬಣ್ಣದ ಮನೆಯಿಂದ ಖಾಕಿ ಬಟ್ಟೆ ಹೊರಬಂತು. 1865ರಲ್ಲಿ ಇನ್ನೊಬ್ಬ ಮಿಷನರಿ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ತೆರೆದರು. ಹಣದ ವ್ಯವಹಾರಕ್ಕೆಂದು 1859ರಲ್ಲೇ ಬಾಸೆಲ್‌ನಲ್ಲಿ ವ್ಯಾಪಾರಿ ಕಂಪನಿಯೊಂದು ಹುಟ್ಟಿತ್ತು. ಅದರ ಷೇರುದಾರರಿಗೆ ಸಿಗುವ ಲಾಭಾಂಶಕ್ಕೆ ಮಿತಿಯಿತ್ತು. ಮಿಕ್ಕ ಲಾಭದಲ್ಲಿ ಮಿಷನ್ನಿನ ಕೆಲಸಕ್ಕೆ ಪಾಲು ಹೋಗುತ್ತಿತ್ತು. ಬಂಡವಾಳ ಹೂಡಿದವನು ಇಷ್ಟಕ್ಕೇ ತೃಪ್ತನಾಗಬೇಕು ಎಂದು ಮೊದಲೇ ಬರೆದಿಡುವುದು ಸಣ್ಣ ಸಂಗತಿಯಲ್ಲ. ಇದರಲ್ಲಿ ತೊಡಕೂ ಇತ್ತೆನ್ನಿ: ಬೋಧಿಸುವವರೂ ಕೂಲಿ ಕೊಡುವವರೂ ಒಂದೇ ಮನೆಯವರಾದರೆ ಕೆಲಸಗಾರ ತನ್ನ ದೂರನ್ನು ಯಾರ ಬಳಿ ಒಯ್ಯಬೇಕು? ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು. ಅವು ಮುಂದೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಕಾರ್ಖಾನೆ ಕೈಬಿಟ್ಟರೂ ಸಭೆಗಳು ಉಳಿದವು.

ಆ ಕೆಲಸಗಾರನ ದೂರು ಇಂದಿಗೂ ಹಳೆಯದಾಗಿಲ್ಲ. 2022ರ ಆರಂಭದಲ್ಲಿ ಸೋಮನೂರು, ಪಲ್ಲಡಂ ಕಡೆಯ ಕೂಲಿ ಮಗ್ಗದವರು ನೇಯ್ಗೆ ದರ ಏರಿಸಬೇಕೆಂದು ವಾರಗಟ್ಟಲೆ ಮಗ್ಗ ನಿಲ್ಲಿಸಿದ್ದರು. ಹಿಡಿದಿಟ್ಟುಕೊಂಡ ಕೂಲಿಯೇ ದೇವರ ಬಳಿ ಕೂಗಿಡುತ್ತದೆ ಎಂಬರ್ಥದ ಮಾತನ್ನು ಯಾಕೋಬ ತನ್ನ ಪತ್ರಿಕೆಯಲ್ಲಿ ಬರೆದಿದ್ದಾನೆ. ಸಂಪತ್ತಿನ ಪಾರುಪತ್ಯವನ್ನು ನಾನು ಮೊದಲು ಹುಡುಕುವುದು ಇಲ್ಲಿ, ದುಡಿಸಿಕೊಂಡವನಿಗೆ ಕೊಟ್ಟ ಸಂಬಳದಲ್ಲಿ. ದಾನದ ಮಾತು ಆಮೇಲಿನದು.

ಹಾಗಾದರೆ ನಾಳೆಯ ಚಿಂತೆ ಬೇಡವೆಂದು ಯೇಸು ಹೇಳಿದ್ದೇಕೆ? ಮತ್ತಾಯನ 6ನೆಯ ಅಧ್ಯಾಯದಲ್ಲಿ ಆ ಬೋಧನೆ ಬರುವುದು ದೇವರನ್ನೂ ಧನವನ್ನೂ ಒಟ್ಟಿಗೆ ಸೇವಿಸಲಾಗದೆಂದ ಬೆನ್ನಿಗೇ. ಹಕ್ಕಿಗಳ, ಹೂವುಗಳ ಮಾತನ್ನು ಬಡವನ ಬಾಯಿ ಮುಚ್ಚಿಸಲು ಬಳಸುವುದು ಅನ್ಯಾಯ. ಮುಷ್ಟಿ ಬಿಗಿ ಹಿಡಿದವನಿಗೇ ಅದು ಹೆಚ್ಚು ಬೇಕು: ನಾಳೆ ಏನಾದೀತೋ ಎಂಬ ಹೆದರಿಕೆಯಿಂದ ಕೂಡಿಡಬೇಡ, ನಿನ್ನನ್ನು ನೋಡಿಕೊಳ್ಳುವವನಿದ್ದಾನೆ. ಅರಣ್ಯದಲ್ಲಿ ಇಸ್ರಾಯೇಲರು ಮರುದಿನಕ್ಕೆಂದು ಎತ್ತಿಟ್ಟ ಮನ್ನ ಹುಳುಬಿದ್ದು ನಾತ ಹೊಡೆಯಿತು. ಆದರೆ ಸಬ್ಬತ್ತಿಗೆಂದು ಹೇಳಿದಂತೆ ತೆಗೆದಿಟ್ಟದ್ದು ಕೆಡಲಿಲ್ಲ. ಉಳಿತಾಯ ಪಾಪವಲ್ಲ. ಮಕ್ಕಳ ಓದಿಗೆ, ಮುಪ್ಪಿಗೆ ತೆಗೆದಿಡುವವರನ್ನು ಧರ್ಮವೇದಿಕೆಯಿಂದ ಗದರಿಸಬೇಕಾಗಿಲ್ಲ.

ಮುಂದಿನ ಬೆಳೆ ಹಬ್ಬಕ್ಕೆ ಸಭೆಗಳ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಬಾಳೆಗೊನೆ, ತೆಂಗಿನಕಾಯಿ ಏಲಂ ಮುಗಿದು ಕಾಣಿಕೆಯ ಮೊತ್ತ ಓದಿ ಹೇಳುವಾಗ ಇನ್ನೊಂದು ಲೆಕ್ಕವನ್ನೂ ಓದಿ: ಚರ್ಚಿನ ಅಂಗಳ ಗುಡಿಸುವವರಿಗೆ, ನಮ್ಮ ಶಾಲೆಗಳ ಆಯಾಗಳಿಗೆ, ಗಂಟೆ ಬಾರಿಸುವವರಿಗೆ ನಾವು ತಿಂಗಳಿಗೆ ಎಷ್ಟು ಕೊಡುತ್ತಿದ್ದೇವೆ ಎಂಬುದನ್ನು. ಅದನ್ನು ಅವರ ಎದುರಿನಲ್ಲೇ ಓದಿ.